ಇನ್ನೂ ಮುನ್ನೂರು ಅಡಿ ಕೊರೆಸಬಹುದೇ?

ಪ್ರಶ್ನೆ: ನಮ್ಮ ತೋಟದ 900 ಅಡಿಯ ಬೋರ್‌ವೆಲ್ ಬತ್ತಿದೆ. 1,200 ಅಡಿ ದಾಟಿದರೆ ಎಂದೂ ಬತ್ತದ ನೀರು ಸಿಗುತ್ತದೆ ಎನ್ನುತ್ತಾರೆ. ಇನ್ನೂ ಆಳಕ್ಕೆ ಕೊರೆಸಬಹುದೇ?

ಉತ್ತರ: ಕೊರೆಸಬೇಡಿ. ಬೇಸಿಗೆ ಕಾಲಿಟ್ಟೊಡನೆ ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ಮಾಲೂರು ಕಡೆಯಿಂದ ಇದೇ ಪ್ರಶ್ನೆ ಅಡಿಗಳ ಲೆಕ್ಕವಷ್ಟೇ ಬದಲಾಗಿ ಮತ್ತೆ ಮತ್ತೆ ಬರುತ್ತದೆ. ಇದೇ ಉತ್ತರವನ್ನು ಹಿಂದೆಯೂ ಹಲವು ಬಾರಿ ಬರೆದಿದ್ದೇನೆ. ಆದರೂ ಒಡವೆ ಅಡವಿಟ್ಟು ಕೊರೆಸುವುದು ನಿಂತಿಲ್ಲವಾದ್ದರಿಂದ, ಈ ಸಲ ನೆಲದಡಿಯಲ್ಲಿ ಏನಿದೆ ಎಂಬುದನ್ನೇ ಬಿಡಿಸಿ ಹೇಳುತ್ತೇನೆ.

ಬಹಳ ಕೆಳಗೆ, ಮಳೆಗೂ ಬರಕ್ಕೂ ಸಂಬಂಧವಿಲ್ಲದ ಬೇರೊಂದು ನೀರು ಹರಿಯುತ್ತಿದೆ, ಅದನ್ನು ಮುಟ್ಟಿದವನಿಗೆ ಚಿಂತೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅಂಥ ನೀರು ನಮ್ಮ ನೆಲದಲ್ಲಿ ಇಲ್ಲ. ಬೆಂಗಳೂರಿಗೆ ಬಂದಾಗ ಲಾಲ್‌ಬಾಗಿನ ಬಂಡೆಯ ಮೇಲೆ ಸ್ವಲ್ಪ ಹೊತ್ತು ನಿಂತು ನೋಡಿ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿರುವ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಮಳೆ ಸುರಿದರೆ ನೀರು ಅದರ ಮೈಮೇಲೆ ಜಾರಿಹೋಗುತ್ತದೆ. ಬಿರುಕು ಬಿಟ್ಟ ಕಡೆ ಮಾತ್ರ ತೇವ ಉಳಿದು, ಅಲ್ಲಿ ಒಂದಿಷ್ಟು ಹುಲ್ಲು ಹುಟ್ಟಿರುತ್ತದೆ. ಬೆಂಗಳೂರು ಗ್ರಾಮಾಂತರದಿಂದ ಕೋಲಾರದವರೆಗೆ ಹೊಲಗಳ ಅಡಿಯಲ್ಲಿರುವುದು ಬಹುಪಾಲು ಇದೇ ಜಾತಿಯ ಕಲ್ಲು. ಮರಳಿನಂತೆ ನೀರನ್ನು ಮೈತುಂಬ ಹೀರಿಕೊಳ್ಳುವ ಗುಣ ಇದಕ್ಕಿಲ್ಲ.

ಈ ಕಲ್ಲು ಹವೆಗೆ ಸಿಕ್ಕಿ ಪುಡಿಯಾಗಿರುವ ಮೇಲಿನ ಪದರದಲ್ಲಿ ನೂರಕ್ಕೆ ಎರಡು ಮೂರು ಪಾಲಿನಷ್ಟು ಜಾಗದಿಂದ ನೀರನ್ನು ಎತ್ತಿಕೊಳ್ಳಬಹುದು. ನಮ್ಮ ಅಜ್ಜಂದಿರ ತೆರೆದ ಬಾವಿಗಳು ನಿಂತಿದ್ದುದು ಆ ಪದರದ ಮೇಲೆ. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ಬಿರುಕುಗಳಷ್ಟೇ ಗತಿ, ಅಲ್ಲಿ ಸಿಗುವ ನೀರು ನೂರಕ್ಕೆ ಅರ್ಧ ಪಾಲೂ ಇರುವುದಿಲ್ಲ. ಆಳಕ್ಕೆ ಹೋದಷ್ಟೂ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿದುಕೊಂಡು ವಿರಳವಾಗುತ್ತವೆ. ಹೀಗಾಗಿ 1,200 ಅಡಿಯಲ್ಲಿ ನೀರು ಸಿಗುವ ಸಂಭವ 300 ಅಡಿಗಿಂತ ಕಡಿಮೆಯೇ ಹೊರತು ಹೆಚ್ಚಲ್ಲ.

‘ಪಕ್ಕದವರಿಗೆ 1,300 ಅಡಿಯಲ್ಲಿ ಮೂರಿಂಚು ನೀರು ಬಂತಲ್ಲ?’ ಎಂದು ಕೇಳುತ್ತೀರಿ. ಬಂದಿರಬಹುದು. ರಿಗ್ ಲಾರಿ ಗಂಟೆಗಟ್ಟಲೆ ಬೂದು ಬಣ್ಣದ ಒಣ ಧೂಳನ್ನು ಉಗುಳಿ, ಆಮೇಲೆ ಕೆಸರಾಗಿ, ಒಮ್ಮೆಲೇ ನೀರು ಮೇಲಕ್ಕೆ ಚಿಮ್ಮಿದಾಗ ಮನೆಯವರೆಲ್ಲ ಕೈಮುಗಿಯುವುದು ಸಹಜ. ಆದರೆ ಆಗ ಚಿಮ್ಮುವುದು ಒಂದು ಬಿರುಕಿನಲ್ಲಿ ಬಹಳ ಕಾಲದಿಂದ ಸೇರಿ ನಿಂತಿದ್ದ ನೀರು. ಆ ಬಿರುಕಿಗೆ ಮೇಲಿನಿಂದ ಮಳೆನೀರು ಇಳಿಯದಿದ್ದರೆ ಕೆಲವೇ ತಿಂಗಳಲ್ಲಿ ಮೋಟರ್ ಗಾಳಿ ಎಳೆಯತೊಡಗುತ್ತದೆ. ಎಷ್ಟೋ ಕಡೆ ಆಳದ ನೀರೆಂದು ನಾವು ತಿಳಿದದ್ದು ಆಳದ್ದೇ ಅಲ್ಲ; ಇನ್ನೂರು ಮುನ್ನೂರು ಅಡಿಯ ಬಿರುಕುಗಳಿಂದ ಜಿನುಗಿ, ಕೊಳವೆಯೊಳಗೆ ಸುರಿದು, ತಳದಲ್ಲಿ ಸೇರಿದ ನೀರು ಅದು. ಅಂದರೆ ನಿಮ್ಮ ಹೊಸ ಬೋರ್‌ವೆಲ್ ನಿಮ್ಮದೇ ಹಳೆಯ ಬೋರ್‌ವೆಲ್‌ನ, ಇಲ್ಲವೇ ನೆರೆಯವರ ನೀರನ್ನು ಕೆಳಕ್ಕೆ ಇಳಿಸಿರುತ್ತದೆ. ಒಂದೇ ಎಳನೀರಿಗೆ ನಾಲ್ವರು ಸ್ಟ್ರಾ ಹಾಕಿದಂತೆ: ಉದ್ದದ ಸ್ಟ್ರಾ ಹಿಡಿದವರಿಗೆ ಕೊನೆಯ ಗುಟುಕು ಸಿಗುತ್ತದೆ, ನೀರು ಹೆಚ್ಚುವುದಿಲ್ಲ. ಇಷ್ಟರ ಮೇಲೆ, ಕಲ್ಲಿನ ಜೊತೆ ಬಹುಕಾಲ ಇದ್ದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರಬಹುದು. ಕುಡಿಯುವ ನೀರಿಗೆ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಊರುಗಳಲ್ಲಿ ದಾಟಿ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬಿದ್ದಿದೆ.

ನೀರು ಬರುವುದು ಮೇಲಿನಿಂದ ಎಂಬುದಕ್ಕೆ ಕೋಲಾರವೇ ಸಾಕ್ಷಿ. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಡಿ ಅಲ್ಲಿನ ಕೆರೆಗಳಿಗೆ ಹರಿಸಲಾಗುತ್ತಿದೆ. ಕೆರೆ ತುಂಬಿದ ಕಡೆ ಸುತ್ತಲಿನ ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಮತ್ತೆ ಏರಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಅಲ್ಲಿನ ರೈತರ ಬೇಡಿಕೆ ನ್ಯಾಯವಾದದ್ದು, ಅದು ಆಗಲೇಬೇಕು.

ಈಗ ನಿಮ್ಮ ಹೊಲದ ಲೆಕ್ಕಕ್ಕೆ ಬನ್ನಿ. ಒಂದು ಎಕರೆಯ ಮೇಲೆ ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ ಅದು 28 ಲಕ್ಷ ಲೀಟರ್. ಅದರಲ್ಲಿ ಹತ್ತನೇ ಒಂದು ಪಾಲು ಅಂತರ್ಜಲ ಸೇರಿತೆಂದು ಉದಾರವಾಗಿಯೇ ಹಿಡಿದರೂ 2.8 ಲಕ್ಷ. ಒಂದು ಎಕರೆ ಟೊಮೆಟೊಗೆ ಡ್ರಿಪ್‌ನಲ್ಲಿ 400 ಮಿ.ಮೀ. ನೀರು ಕೊಟ್ಟರೆ 16 ಲಕ್ಷ ಲೀಟರ್ ಬೇಕು. ಸುಮಾರು ಆರು ಎಕರೆಗೆ ಇಂಗಿದ ನೀರನ್ನು ಒಂದು ಎಕರೆ ಕುಡಿಯುತ್ತದೆ. ಈ ಅಂತರವನ್ನು ಯಾವ ರಿಗ್ಗೂ ತುಂಬಲಾರದು.

ಕೊರೆಸಲು ಇಟ್ಟ ಹಣವನ್ನು ಕೃಷಿ ಹೊಂಡಕ್ಕೆ ಹಾಕಿ. 21 ಮೀಟರ್ ಚೌಕದ, 3 ಮೀಟರ್ ಆಳದ, ಇಳಿಜಾರು ಬದಿಗಳ ಹೊಂಡದಲ್ಲಿ ಸುಮಾರು 9ರಿಂದ 10 ಲಕ್ಷ ಲೀಟರ್ ನಿಲ್ಲುತ್ತದೆ. ದಯವಿಟ್ಟು ಅದನ್ನು ಬೋರ್‌ವೆಲ್ ನೀರಿನಿಂದ ತುಂಬಿಸಬೇಡಿ: ಬೇಸಿಗೆಯಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೂ ಅಷ್ಟು ಅಗಲದ ಹೊಂಡದಿಂದ 2,000 ಲೀಟರಿಗೂ ಹೆಚ್ಚು ನೀರು ಬಿಸಿಲಿಗೆ ಹೋಗುತ್ತದೆ. ಬತ್ತಿದ ಬೋರ್‌ವೆಲ್‌ ಸುತ್ತ ಇಂಗುಗುಂಡಿ ಮಾಡಿಸುವುದಾದರೆ ದಪ್ಪ ಕಲ್ಲು, ಜಲ್ಲಿ, ಮರಳಿನ ಪದರಗಳಲ್ಲಿ ಸೋಸಿದ ನೀರು ಮಾತ್ರ ಒಳಗಿಳಿಯಲಿ. ಕೆಸರು ಇಳಿದರೆ ಇರುವ ಬಿರುಕೂ ಮುಚ್ಚಿಹೋಗುತ್ತದೆ. 2022ರಲ್ಲಿ ಬೆಂಗಳೂರಿಗೆ ವಾಡಿಕೆಯ ಸುಮಾರು ಎರಡು ಪಟ್ಟು ಮಳೆ ಸುರಿಯಿತು. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮುಂದೆಯೂ ಮಳೆ ಹೀಗೆಯೇ ಅತಿಯಾಗಿ, ಇಲ್ಲವೇ ಕೈಕೊಟ್ಟು ಬರುವುದಾದರೆ, ಸುರಿದಾಗ ಹಿಡಿದಿಟ್ಟುಕೊಂಡವರ ಬೆಳೆ ಮಾತ್ರ ಉಳಿಯುತ್ತದೆ.

ನೀವು ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ: ಮಳೆ ತಡವಾದ ವರ್ಷ ಏನು ಬಿತ್ತಬೇಕು? ಹೊಲವನ್ನು ಬೀಳು ಬಿಡಬೇಕಾಗಿಲ್ಲ. ಜುಲೈಯಲ್ಲಿ ಹದ ಸಿಕ್ಕರೆ ಜಿಪಿಯು-28ರಂಥ ಮಧ್ಯಮಾವಧಿಯ ರಾಗಿ ಬಿತ್ತಿ. ಆಗಸ್ಟಿಗೆ ಹೋದರೆ ನೂರು ದಿನದ ಆಸುಪಾಸಿನಲ್ಲಿ ಕೊಯ್ಲಿಗೆ ಬರುವ ಜಿಪಿಯು-48 ಮೇಲು. ಎರಡೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಳಿಗಳು. ಬೀಜಕ್ಕೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸಿಡಿ. ರಾಗಿಯೊಂದನ್ನೇ ನೆಚ್ಚಬೇಡಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆಯನ್ನು ಅಕ್ಕಡಿಯಾಗಿ ಹಾಕಿದರೆ, ರಾಗಿ ಕೈಕೊಟ್ಟ ವರ್ಷವೂ ಹಿಂಗಾರಿನ ಒಂದೆರಡು ಮಳೆಗೆ ಅವರೆ ಕಾಯಿ ಕಟ್ಟುತ್ತದೆ. ಸಾಲುಗಳು ಇಳಿಜಾರಿಗೆ ಅಡ್ಡಲಾಗಿರಲಿ, ಆಗ ಬಿದ್ದ ಮಳೆ ಹೊಲದಲ್ಲೇ ಇಂಗುತ್ತದೆ.