ಮನೇಲಿ ಕ್ಲೌಡ್ ಇಡೋ ಮುಂಚೆ ಎರಡನೇ ಹಾರ್ಡ್ ಡಿಸ್ಕ್ ತನ್ನಿ

ಕಳೆದ ತಿಂಗಳು ತುಮಕೂರಿನ ಎಸ್.ಎಸ್.ಪುರಂನಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರ ಮನೆಗೆ ಹೋಗಿದ್ದೆ. ಟೇಬಲ್ ಮೇಲೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನ ಬಟ್ಟೇಲಿ ಸುತ್ತಿಟ್ಟಿದ್ರು, ಲ್ಯಾಪ್‌ಟಾಪ್‌ಗೆ ಚುಚ್ಚಿದ ತಕ್ಷಣ ಟಿಕ್ ಟಿಕ್ ಟಿಕ್ ಅಂತ ಸದ್ದು, ಆಮೇಲೆ ಮೋಟರ್ ನಿಧಾನಕ್ಕೆ ನಿಂತೋಯ್ತು. ಆ ಸದ್ದು ಕೇಳಿದ ಕೂಡ್ಲೇ ನಾನು ವೈರ್ ಕಿತ್ತುಬಿಡ್ತೀನಿ, ಯಾಕಂದ್ರೆ ಹೆಡ್, ಅಂದ್ರೆ ತಟ್ಟೆ ಮೇಲಿಂದ ಡೇಟಾ ಓದೋ ಭಾಗ, ಹೋಗಿರೋ ಡಿಸ್ಕನ್ನ ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನ ತಟ್ಟೆ ಗೀಚ್ಕೊಂಡು ಸಿಗಬೇಕಾದ್ದೂ ಸಿಗದ ಹಾಗಾಗತ್ತೆ. ಮಗಳ ಮದುವೆ, ಮೊಮ್ಮಗನ ನಾಮಕರಣ, ತೀರಿಹೋದ ಮನೆಯವರ ದನಿ ಇರೋ ವಿಡಿಯೋ, ಎಲ್ಲಾ ಅದರಲ್ಲೇ ಇತ್ತು. "ಫೋನಲ್ಲಿ ಜಾಗ ತುಂಬೋಯ್ತು ಅಂತ ಇದಕ್ಕೆ ಹಾಕಿ ಅಲ್ಲಿಂದ ಅಳಿಸ್ಬಿಟ್ಟೆ ಕಣಪ್ಪಾ" ಅಂದ್ರು. ಬೆಂಗಳೂರಿಗೆ ರಿಕವರಿಗೆ ಕಳಿಸಿದ್ವಿ, ಅರ್ಧದಷ್ಟು ಬಂತು.

ಗೂಗಲ್ ಫೋಟೋಸ್‌ನಲ್ಲಿ ಫ್ರೀಯಾಗಿ ಎಷ್ಟು ಬೇಕಾದ್ರೂ ಹಾಕೋದು 2021ರ ಜೂನ್ 1ಕ್ಕೆ ನಿಂತೋಯ್ತು, ಈಗ ಮೇಲ್, ಡ್ರೈವ್, ಫೋಟೋ ಎಲ್ಲಾ ಸೇರಿ 15 ಜಿಬಿ. ಆವತ್ತಿಂದ "ಸಾರ್, ಮನೇಲೇ ಒಂದು ಕ್ಲೌಡ್ ಮಾಡ್ಕೊಡಿ, ತಿಂಗಳ ತಿಂಗಳಾ ದುಡ್ಡು ಯಾಕೆ" ಅನ್ನೋರು ಜಾಸ್ತಿ. ಅಂದ್ರೆ ಫೋಟೋ, ಫೈಲು ಎಲ್ಲಾ ಇಟ್ಕೊಂಡು ಫೋನಿಂದ ನೋಡೋ ಹಾಗೆ ಮನೇಲೇ ಸದಾ ಓಡೋ ಒಂದು ಕಂಪ್ಯೂಟರ್, ಅದಕ್ಕೇ ಸರ್ವರ್ ಅನ್ನೋದು. ಮಾಡ್ಕೊಡ್ತೀನಿ, ಇಷ್ಟದ ಕೆಲಸವೇ. ಆದ್ರೆ ಎಲ್ಲರೂ ಮೊದಲು ಕೇಳೋದು ಯಾವ ಸಾಫ್ಟ್‌ವೇರ್ ಅಂತ. ಅದು ಒಂದು ಸಂಜೆ ಕೆಲಸ: ಫೈಲ್‌ಗೆ ನೆಕ್ಸ್ಟ್‌ಕ್ಲೌಡ್, ಬರೀ ಫೋಟೋ ವಿಡಿಯೋ ಆದ್ರೆ ಇಮ್ಮಿಚ್, ಎರಡೂ ಓಪನ್ ಸೋರ್ಸ್, ಎರಡಕ್ಕೂ ಫೋನ್ ಆಪ್ ಇದೆ. ನಾನು ಮೊದಲು ನೋಡೋದು ಕರೆಂಟು, ಆಮೇಲೆ ಡಿಸ್ಕು.

ಹಳೇ ಡೆಸ್ಕ್‌ಟಾಪ್ ಸುಮ್ನೆ ಬಿದ್ದಿದೆ, ಅದನ್ನೇ ಸರ್ವರ್ ಮಾಡಿ ಅಂತಾರೆ. ಆಗತ್ತೆ, ಆದ್ರೆ ಅದು 60 ವ್ಯಾಟ್ ಎಳೀತು ಅನ್ಕೊಳ್ಳಿ, ಹಗಲು ರಾತ್ರಿ ಓಡಿದ್ರೆ ತಿಂಗಳಿಗೆ 43 ಯೂನಿಟ್. 10 ವ್ಯಾಟ್‌ನ ಸಣ್ಣ ಮಿನಿ ಪಿಸಿ ಆದ್ರೆ 7 ಯೂನಿಟ್ ಚಿಲ್ರೆ. ಹಳೇ ಲ್ಯಾಪ್‌ಟಾಪ್ ಇದ್ರೆ ಇನ್ನೂ ಒಳ್ಳೇದು, ಬ್ಯಾಟರಿನೇ ಯುಪಿಎಸ್ ಥರ ಇರತ್ತೆ, ಆದ್ರೆ ಸದಾ ಚಾರ್ಜಲ್ಲಿಟ್ರೆ ಬ್ಯಾಟರಿ ಊದ್ಕೊಳ್ಳಬಹುದು, ಹಾಗಾಗಿ ಚಾರ್ಜ್ ಲಿಮಿಟ್ ಇಡೋ ಸೆಟಿಂಗ್ ಇದ್ರೆ ಮಾತ್ರ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ತಂದಿರೋರು ಒಂದು ವಿಷಯ ನೆನಪಿಡಿ: ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡೋದು 1.2 ಆಂಪ್, ಎರಡು ಡಿಸ್ಕ್ ಚುಚ್ಚಿದ್ರೆ ಕಾಪಿ ಮಧ್ಯದಲ್ಲಿ ಡಿಸ್ಕ್ ಮಾಯ ಆಗಬಹುದು. ಸ್ವಂತ ಅಡಾಪ್ಟರ್ ಇರೋ ಹಬ್ ಹಾಕಿ.

ನಮ್ಮ ಕಡೆ ಬೇಸಿಗೆ ಕೊನೆಗೆ ಗುಡುಗು ಮಳೆ ಶುರುವಾದ್ರೆ ಸಂಜೆ ಕರೆಂಟು ಬಂದು ಬಂದು ಹೋಗತ್ತೆ. ಮನೇಲಿ ಇನ್ವರ್ಟರ್ ಇದೆ ಅಂತ ಧೈರ್ಯವಾಗಿರ್ತಾರೆ, ಆದ್ರೆ ಕರೆಂಟ್ ಹೋಗಿ ಇನ್ವರ್ಟರ್ ತಗೊಳ್ಳೋ ಆ ಕ್ಷಣದಲ್ಲಿ ಫ್ಯಾನ್ ಸುತ್ತುತ್ತಾ ಇರತ್ತೆ, ಟ್ಯೂಬ್‌ಲೈಟ್ ಒಂದ್ಸಲ ಮಿಟುಕಿಸತ್ತೆ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗ್ಬಿಡತ್ತೆ, ಡೇಟಾಬೇಸ್ ಬರೀತಿದ್ದಾಗ ಹಾಗಾದ್ರೆ ಆಪ್ ಓಪನ್ನೇ ಆಗದೆ ಹೋಗಬಹುದು. ಎಷ್ಟೋ ಇನ್ವರ್ಟರಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರತ್ತೆ, ಹಿಂದ್ಗಡೆ ಧೂಳಲ್ಲಿ, ಯಾರೂ ಮುಟ್ಟಿರಲ್ಲ. ಅದನ್ನ ಹಾಕಿ. ಇಲ್ಲಾಂದ್ರೆ ಸರ್ವರಿಗೊಂದು ಚಿಕ್ಕ ಯುಪಿಎಸ್ ಇಡಿ. ಬಯಾಸ್‌ನಲ್ಲಿ, ಅಂದ್ರೆ ಕಂಪ್ಯೂಟರ್ ಆನ್ ಆಗೋವಾಗ ಬರೋ ಸೆಟಿಂಗ್ ಪರದೇಲಿ, ಕರೆಂಟ್ ಬಂದ ಮೇಲೆ ತಾನೇ ಆನ್ ಆಗೋ ಸೆಟಿಂಗ್ ಇರತ್ತೆ, ಅದನ್ನೂ ಆನ್ ಮಾಡಿ. ನೀವು ಊರಲ್ಲಿಲ್ದಾಗ ಬಟನ್ ಒತ್ತೋಕೆ ಯಾರಿರ್ತಾರೆ?

ಈಗ ಡಿಸ್ಕ್ ವಿಷಯ, ಇದನ್ನ ಹೇಳೋಕೇ ಇವತ್ತು ಬರೀತಿರೋದು. ಎರಡು ಡಿಸ್ಕ್ ಹಾಕಿ ರೇಡ್ ಮಾಡಿದ್ದೀನಿ, ಬ್ಯಾಕಪ್ ಆಯ್ತಲ್ಲ ಅಂತಾರೆ. ಆಗಲ್ಲ. ಮಿರರ್ ರೇಡ್ ಅಂದ್ರೆ ಎರಡೂ ಡಿಸ್ಕ್‌ಗೆ ಅದೇ ಡೇಟಾನ ಒಟ್ಟಿಗೆ ಬರೆಯೋದು, ಒಂದು ಡಿಸ್ಕ್ ಸತ್ರೆ ಇನ್ನೊಂದರಲ್ಲಿ ಕೆಲಸ ನಡೀತಿರತ್ತೆ, ಅಷ್ಟೇ. ನೀವು ಒಂದು ಫೋಲ್ಡರ್ ಅಳಿಸಿದ್ರೆ ಅದೇ ಕ್ಷಣ ಎರಡರಿಂದಲೂ ಹೋಗತ್ತೆ. ನಮ್ಮ ಮನೇಲೇ ಆಗಿದೆ. ಮಗ ಲ್ಯಾಪ್‌ಟಾಪ್ ಕ್ಲೀನ್ ಮಾಡ್ತಾ ಒಂದು ಫೋಲ್ಡರ್ ತೆಗೆದ, ಸಿಂಕ್ ಆಗಿ ಸರ್ವರಿಂದಲೂ ಹೋಯ್ತು, ಜಾಗ ಉಳೀಲಿ ಅಂತ ನಾನು ಕಸದ ಬುಟ್ಟಿನ ಏಳೇ ದಿನಕ್ಕೆ ಖಾಲಿಯಾಗೋ ಥರ ಇಟ್ಟಿದ್ದೆ. ನಮಗೆ ಗೊತ್ತಾಗಿದ್ದು ಎರಡು ತಿಂಗಳಾದ ಮೇಲೆ, ಅಮ್ಮನ ತಿಥಿಗೆ ಫೋಟೋ ಹುಡುಕುವಾಗ. ಗುಬ್ಬಿಯಲ್ಲಿ ತಮ್ಮನ ಮನೇಲಿ ಬೇರೊಂದು ಡಿಸ್ಕ್ ಇಟ್ಟಿದ್ದಕ್ಕೆ ಸಿಕ್ತು, ಇಲ್ದಿದ್ರೆ ಅಮ್ಮ ತೆಂಗಿನಗರಿ ಸೀಳ್ತಾ ಕೂತಿರೋ ಆ ಒಂದು ಫೋಟೋ ಇವತ್ತು ನನ್ನ ಹತ್ರ ಇರ್ತಿರ್ಲಿಲ್ಲ.

ಅದಕ್ಕೇ ಮೂರು ಕಾಪಿ, ಎರಡು ಬೇರೆ ಬೇರೆ ಥರದ ಜಾಗ, ಒಂದು ಮನೆಯಿಂದಾಚೆ. ಸರ್ವರಿಂದ ಎರಡನೇ ಡಿಸ್ಕ್‌ಗೆ ರಾತ್ರಿ ಹೊತ್ತು ರೆಸ್ಟಿಕ್ ಅನ್ನೋ ಟೂಲಲ್ಲಿ ಕಾಪಿ ಹಾಕ್ತೀನಿ, ಅದು ದಿನಾ ದಿನದ ಸ್ಥಿತಿನ ಬೇರೆ ಬೇರೆಯಾಗಿ ಇಟ್ಕೊಳ್ಳತ್ತೆ, ಎನ್‌ಕ್ರಿಪ್ಟ್ ಕೂಡ ಮಾಡತ್ತೆ, ಅಂದ್ರೆ ಪಾಸ್‌ವರ್ಡ್ ಇಲ್ದೆ ಓದೋಕಾಗದ ಹಾಗೆ ಬರೆಯತ್ತೆ, ಹಾಗಾಗಿ ಇದೇ ಥರ ಕಾಪಿ ಹಾಕಿದ ಮೂರನೇ ಡಿಸ್ಕ್ ನೆಂಟರ ಮನೇಲಿಟ್ರೂ ಯಾರೂ ತೆರೆದು ನೋಡೋಕಾಗಲ್ಲ. ತಿಂಗಳಿಗೊಮ್ಮೆ ಐದು ಫೈಲ್ ವಾಪಸ್ ತೆಗೆದು ತೆರೆದು ನೋಡಿ. ವಾಪಸ್ ತೆಗೆದು ನೋಡದೇ ಇರೋ ಬ್ಯಾಕಪ್ಪನ್ನ ನಾನು ಲೆಕ್ಕಕ್ಕೇ ಹಿಡಿಯಲ್ಲ.

ಹೊರಗಿಂದ ಫೋನಲ್ಲಿ ನೋಡೋದು ಹೇಗೆ? ರೂಟರಲ್ಲಿ ಪೋರ್ಟ್ ಓಪನ್ ಮಾಡಿ, ಅಂದ್ರೆ ಇಂಟರ್ನೆಟ್ ಕಡೆಯಿಂದ ಸರ್ವರಿಗೆ ಒಂದು ಬಾಗಿಲು ತೆರೆಯಿರಿ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ದಯವಿಟ್ಟು ಬೇಡ, ಓಪನ್ ಮಾಡಿದ ಪೋರ್ಟನ್ನ ಪ್ರಪಂಚದ ಬಾಟ್‌ಗಳೆಲ್ಲಾ (ತಾನೇ ಓಡೋ ಪ್ರೋಗ್ರಾಂಗಳು) ತಟ್ತಾನೇ ಇರ್ತವೆ. ಎಷ್ಟೋ ಕಡೆ ಅದು ಆಗೋದೂ ಇಲ್ಲ: ರೂಟರಿನ ವ್ಯಾನ್ ಅಡ್ರೆಸ್, ಅಂದ್ರೆ ಇಂಟರ್ನೆಟ್ ಕಂಪನಿ ಅದಕ್ಕೆ ಕೊಟ್ಟಿರೋ ಐಪಿ ವಿಳಾಸ, 100.64ರಿಂದ 100.127ರ ಒಳಗಿದ್ರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರ, ಅಂದ್ರೆ ಒಂದೇ ಪಬ್ಲಿಕ್ ಐಪಿನ ಎಷ್ಟೋ ಮನೆ ಹಂಚ್ಕೊಂಡಿದ್ದಾವೆ. ಟೇಲ್‌ಸ್ಕೇಲ್ ಅನ್ನೋ ಆಪ್ ಹಾಕಿ, ಅದು ವೈರ್‌ಗಾರ್ಡ್ ಅನ್ನೋ ಸುರಕ್ಷಿತ ಸಂಪರ್ಕದ ತಂತ್ರದ ಮೇಲೆ ನಡೆಯೋದು, ನಿಮ್ಮ ಫೋನು ಮತ್ತು ಸರ್ವರ್ ಮಧ್ಯ ಖಾಸಗಿ ದಾರಿ ಮಾಡ್ಕೊಡತ್ತೆ, ಪೋರ್ಟ್ ತೆರೆಯೋ ಮಾತೇ ಇಲ್ಲ. ಮೊದಲ ಸಲದ ಅಪ್‌ಲೋಡ್ ಮಾತ್ರ ಮನೇಲೇ ಕೂತು ಮಾಡಿ. 500 ಜಿಬಿ ಇದ್ರೆ 100 ಎಂಬಿಪಿಎಸ್ ಲೈನಲ್ಲಿ ಪೂರ್ತಿ ಸ್ಪೀಡ್ ಸಿಕ್ರೂ 11 ಗಂಟೆ ಮೇಲೆ ಹಿಡಿಯತ್ತೆ.

ಇನ್ನೊಂದು, ಗಾಳಿ ಆಡೋ ಕಡೆ ಇಡಿ, ಟಿವಿ ಕಪಾಟಿನ ಬಾಗಿಲೊಳಗೆ ಬೇಡ. ಸ್ವಲ್ಪ ಬೆಚ್ಚಗಿದ್ರೆ ಸಾಕು, ಹಲ್ಲಿ ಹೋಗಿ ಪವರ್ ಸಪ್ಲೈಯಲ್ಲಿ ಕೂರತ್ತೆ.

ಮೇಷ್ಟ್ರ ಮನೇಲಿ ಈಗ ಮಿನಿ ಪಿಸಿ ಇದೆ, ಎರಡು ಡಿಸ್ಕ್ ಇದೆ, ಮೂರನೇದು ಕ್ಯಾತ್ಸಂದ್ರದಲ್ಲಿರೋ ಮಗಳ ಮನೇಲಿದೆ. ಎಲ್ಲಾ ಮುಗಿದ ಮೇಲೆ ಒಂದು ಹಾಳೆ ಮೇಲೆ ಪೆನ್ನಲ್ಲಿ ಬರೆಸಿದೆ: ಯಾವ ಡಬ್ಬ ಯಾವುದು, ಆಫ್ ಮಾಡೋದು ಹೇಗೆ, ಬ್ಯಾಕಪ್ ಪಾಸ್‌ವರ್ಡ್ ಏನು. ಆ ಪಾಸ್‌ವರ್ಡ್ ಕಳೆದ್ರೆ ನಾನಲ್ಲ, ಯಾರು ಬಂದ್ರೂ ಡಿಸ್ಕ್ ತೆಗೆಯೋಕಾಗಲ್ಲ. ಮೇಷ್ಟ್ರು ಎರಡೆರಡು ಸಲ ಓದಿ, ಗುಂಡಗಿನ ಅಕ್ಷರದಲ್ಲಿ ಇನ್ನೊಂದು ಪ್ರತಿ ಬರೆದು, ಒಂದನ್ನ ಎಲ್‌ಐಸಿ ಬಾಂಡ್ ಇರೋ ಫೈಲಲ್ಲಿಟ್ರು, ಇನ್ನೊಂದನ್ನ ಮಡಚಿ ಮಗಳ ಕೈಗೆ ಕೊಟ್ರು.