ಗಿಂಪ್ 3.0 ಹಾಕಿಕೊಂಡರೆ ಹಳೆಯ ಫೈಲು, ಬ್ರಷ್ಷು, ಪ್ಲಗಿನ್ನುಗಳ ಗತಿಯೇನು?

ಪ್ರಶ್ನೆ: ಆಲ್ಬಮ್, ಬ್ಯಾನರ್ ಕೆಲಸಕ್ಕೆ ಚಿತ್ರ ತಿದ್ದುವ ಉಚಿತ ತಂತ್ರಾಂಶ ಗಿಂಪ್‌ನ 2.10 ಆವೃತ್ತಿಯನ್ನು ವರ್ಷಗಳಿಂದ ಬಳಸುತ್ತಿದ್ದೇನೆ. 3.0ಕ್ಕೆ ಹೋದರೆ ಹಳೆಯದೆಲ್ಲ ಕೆಡುತ್ತದೆಯೇ?

ಉತ್ತರ: ಫೈಲು ಕೆಡುವುದಿಲ್ಲ, ಬ್ರಷ್ಷುಗಳೂ ಉಳಿಯುತ್ತವೆ. ಪೆಟ್ಟು ಬೀಳುವುದು ಪ್ಲಗಿನ್ನುಗಳಿಗೆ, ಅಂದರೆ ಗಿಂಪ್‌ಗೆ ಹೊರಗಿನಿಂದ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯಗಳಿಗೆ.

2025ರ ಮಾರ್ಚಿನಲ್ಲಿ ಬಂದ 3.0ರಲ್ಲಿ ಪೈಥಾನ್ 2 (ಹಳೆಯ ಪ್ಲಗಿನ್ನುಗಳನ್ನು ಬರೆದ ಪ್ರೋಗ್ರಾಮಿಂಗ್ ಭಾಷೆ) ಇಲ್ಲವೇ ಇಲ್ಲ. ಹಾಗಾಗಿ 2.10ಕ್ಕೆ ಬರೆದ ಪೈಥಾನ್ ಪ್ಲಗಿನ್ನುಗಳು ಮೆನುವಿನಲ್ಲಿ ಕಾಣಿಸುವುದೇ ಇಲ್ಲ. 3.0ಕ್ಕೆಂದೇ ಬರೆದ ಆವೃತ್ತಿ ಹುಡುಕಿ, ಪ್ಲಗಿನ್ನಿನ ಹೆಸರಿನದೇ ಒಂದು ಫೋಲ್ಡರ್ ಮಾಡಿ ಅದರೊಳಗೆ ಇಡಬೇಕು. ಫೈಲನ್ನು ಹಾಗೇ ಪ್ಲಗಿನ್ ಫೋಲ್ಡರಿಗೆ ಎಸೆದರೆ ಗಿಂಪ್ ಅದನ್ನು ಮೂಸಿಯೂ ನೋಡದು. ಹಳೆಯ ಥೀಮ್‌ಗಳ ಆಸೆಯನ್ನೂ ಬಿಡಿ.

ಬ್ರಷ್ಷು, ಗ್ರೇಡಿಯಂಟು, ಸೆಟ್ಟಿಂಗುಗಳು ಮೊದಲ ಸಲ 3.0 ತೆರೆದಾಗ ತಾವಾಗಿಯೇ ನಕಲಾಗುತ್ತವೆ. ವಿಂಡೋಸ್‌ನಲ್ಲಿ ಇವು ಆಪ್‌ಡೇಟಾದೊಳಗಿನ ರೋಮಿಂಗ್‌ನಲ್ಲಿ, ಗಿಂಪ್ ಫೋಲ್ಡರಿನಲ್ಲಿ ಇರುತ್ತವೆ, 2.10ಕ್ಕೊಂದು, 3.0ಕ್ಕೊಂದು ಒಳಫೋಲ್ಡರ್. 3.0 ಫೋಲ್ಡರ್ ಮೊದಲೇ ಇದ್ದರೆ ನಕಲು ನಡೆಯುವುದಿಲ್ಲ. 'ಬ್ರಷ್ಷೇ ಬಂದಿಲ್ಲ' ಎಂಬ ಗೋಳಿಗೆ ಬಹಳ ಸಲ ಇದೇ ಕಾರಣ. ಗಿಂಪ್ ಮುಚ್ಚಿ, 3.0 ಫೋಲ್ಡರಿನ ಹೆಸರು ಬದಲಿಸಿ, ಮತ್ತೆ ತೆರೆಯಿರಿ. 2.10 ಫೋಲ್ಡರನ್ನು ಮಾತ್ರ ಮುಟ್ಟಬೇಡಿ.

ನಿಜವಾದ ಬಲೆ ಇರುವುದು 2.10ಕ್ಕೆ ವಾಪಸ್ ಬರುವ ದಾರಿಯಲ್ಲಿ. 3.0ರಲ್ಲಿ ಫಿಲ್ಟರುಗಳು ಲೇಯರಿಗೆ (ಚಿತ್ರದ ಒಂದೊಂದು ಪದರಕ್ಕೆ) ಅಂಟಿಕೊಂಡು ಕೂರುತ್ತವೆ. ಬ್ಲರ್ ಜಾಸ್ತಿಯಾಯಿತೇ? ಲೇಯರಿನ ಪಕ್ಕದ ಎಫ್‌ಎಕ್ಸ್ ಗುರುತು ಒತ್ತಿ ನಾಳೆಯೂ ತಿದ್ದಬಹುದು. ಆದರೆ ಇಂಥ ಫೈಲು 2.10ರಲ್ಲಿ ತೆರೆಯುವುದಿಲ್ಲ. ಸೇವ್ ಕಿಟಕಿಯ ಕೆಳಗೆ ಈ ಎಚ್ಚರಿಕೆ ಸಣ್ಣಕ್ಷರದಲ್ಲಿ ಬರುತ್ತದೆ, ಯಾರೂ ಓದುವುದಿಲ್ಲ. ಪ್ರೆಸ್ಸಿನವರ ಬಳಿ 2.10 ಇದ್ದರೆ, ಎಫ್‌ಎಕ್ಸ್ ಪಟ್ಟಿಯಿಂದಲೇ ಫಿಲ್ಟರುಗಳನ್ನು ಮರ್ಜ್ ಮಾಡಿ ಬೇರೆ ಹೆಸರಿನಲ್ಲಿ ಸೇವ್ ಮಾಡಿ. ಫಿಲ್ಟರ್ ಹಾಕುವಾಗಲೇ 'ಮರ್ಜ್ ಫಿಲ್ಟರ್' ಟಿಕ್ ಮಾಡಿದರೆ ಹಳೆಯ ಕ್ರಮದಂತೆ ಚಿತ್ರದಲ್ಲೇ ಬೆರೆತುಹೋಗುತ್ತದೆ.

ಕೈ ತಡವರಿಸುವ ಜಾಗ ಎರಡು. ಪೇಸ್ಟ್ ಮಾಡಿದ್ದು ಮೊದಲಿನಂತೆ ತೇಲುವ ಆಯ್ಕೆ (ಫ್ಲೋಟಿಂಗ್ ಸೆಲೆಕ್ಷನ್) ಆಗದೆ ನೇರ ಹೊಸ ಲೇಯರಾಗುತ್ತದೆ. ಲೇಯರುಗಳನ್ನು ಕಟ್ಟುತ್ತಿದ್ದ ಸರಪಳಿ ಗುರುತು ಹೋಗಿದೆ. ಕಂಟ್ರೋಲ್ ಒತ್ತಿಕೊಂಡು ಬೇಕಾದ ಲೇಯರುಗಳನ್ನು ಕ್ಲಿಕ್ ಮಾಡಿ ಒಟ್ಟಿಗೆ ಸರಿಸಬಹುದು.

ಬ್ಯಾನರ್ ಮಾಡುವವರಿಗೆ 3.0ಕ್ಕೆ ಏರಿದ ಸಾರ್ಥಕತೆ ಇರುವುದು ಅಕ್ಷರದ ಅಂಚಿನಲ್ಲಿ. 'ಶುಭ ವಿವಾಹ' ಎಂದು ಬರೆದು ಬಿಳಿ ಅಂಚು ಕೊಡಲು ಮೊದಲು ಅಕ್ಷರವನ್ನು ಆಯ್ಕೆಯಾಗಿಸಿ, ಹಿಗ್ಗಿಸಿ, ಕೆಳಗಿನ ಲೇಯರಿನಲ್ಲಿ ಬಣ್ಣ ತುಂಬಬೇಕಿತ್ತು. ಹೆಸರು ತಪ್ಪಾದರೆ ಮತ್ತೆ ಮೊದಲಿನಿಂದ. ಈಗ ಟೆಕ್ಸ್ಟ್ ಟೂಲಿನಲ್ಲೇ ಅಂಚಿನ ಬಣ್ಣ, ದಪ್ಪ ಕೊಟ್ಟರೆ ಅಕ್ಷರ ತಿದ್ದಿದಾಗ ಅಂಚೂ ಜತೆಗೇ ಬದಲಾಗುತ್ತದೆ. ಯೂನಿಕೋಡ್ ಫಾಂಟುಗಳಲ್ಲಿ ಒತ್ತಕ್ಷರಗಳು ಎಂದಿನಂತೆ ಸರಿಯಾಗಿ ಕೂರುತ್ತವೆ. ಹಳೆಯ ಆಸ್ಕಿ ನುಡಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಕೂರಿಸಿದ, ಯೂನಿಕೋಡ್ ಅಲ್ಲದ ಫಾಂಟು) ಮಾಡಿದ ಫೈಲು ಹೊಸ ಕಂಪ್ಯೂಟರಿಗೆ ಹೋದರೆ ಮಾತ್ರ ಆ ಫಾಂಟೂ ಅಲ್ಲಿರಬೇಕು, ಇಲ್ಲವಾದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ.