ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆ: ಯೂನಿವರ್ಸಿಟಿ ಫ್ಲೈಟ್ ಸ್ಕೂಲ್ ಸೇರುವವರಿಗೆ ಟಿಪ್ಪಣಿ

ಮೊದಲು ಮೆಡಿಕಲ್ ಮಾಡಿಸಿ. ಫೀಸ್ ಕಟ್ಟುವುದು, ಹೆಡ್‌ಸೆಟ್ ಕೊಳ್ಳುವುದು ಎಲ್ಲ ಆಮೇಲೆ. ಏರ್‌ಲೈನ್ ಕಾಕ್‌ಪಿಟ್‌ವರೆಗೆ ಹೋಗುವ ಆಸೆ ಇದ್ದರೆ ಕೊನೆಗೆ ಬೇಕಾಗುವುದು ಮೊದಲ ದರ್ಜೆಯ ಮೆಡಿಕಲ್. ಆರಂಭಕ್ಕೆ ಕೆಳಗಿನ ದರ್ಜೆ ಸಾಕು ಅಂತ ಎಷ್ಟೋ ಕಡೆ ಹೇಳುತ್ತಾರೆ. ಆದರೂ ಮೇಲಿನದನ್ನೇ ಮೊದಲು ಮಾಡಿಸಿಕೊಳ್ಳುವುದು ಒಳ್ಳೆಯದು. ಎರಡು ವರ್ಷ ಓದಿ, ಹಾರಿ, ಆಮೇಲೆ ಏನಾದರೂ ತೊಂದರೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾದರೆ ದಾರಿ ಹುಡುಕಲು ಸಮಯ ಇರುತ್ತದೆ, ಅಲ್ವಾ?

ಕನ್ನಡಕ ಇದೆ ಅಂತ ಹೆದರಬೇಡಿ. ಕನ್ನಡಕ ಹಾಕಿಕೊಂಡು ನೋಟ ಸರಿಯಾಗಿದ್ದರೆ ಸಾಕು. ಬಣ್ಣ ಗುರುತಿಸುವುದು ಬೇರೆ ವಿಷಯ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರಾ ಚಿತ್ರಗಳನ್ನು ಹಲವು ಕಡೆ ತೋರಿಸುತ್ತಾರೆ. ಅಲ್ಲಿ ಎಡವಿದರೂ ಬೇರೆ ವಿಧಾನದ ಪರೀಕ್ಷೆ ಇರಬಹುದು, ಕೇಳಿ ತಿಳಿದುಕೊಳ್ಳಿ. ತೆಗೆದುಕೊಳ್ಳುತ್ತಿರುವ ಮಾತ್ರೆ, ಹಿಂದೆ ಆಗಿರುವ ಆಪರೇಷನ್ ಯಾವುದನ್ನೂ ಫಾರ್ಮ್‌ನಲ್ಲಿ ಮುಚ್ಚಿಡಬೇಡಿ. ಇದ್ದದ್ದನ್ನು ಹೇಳಿದರೆ ಹೆಚ್ಚಿನ ಸಮಸ್ಯೆಗಳಿಗೆ ಪರಿಹಾರ ಇರುತ್ತದೆ. ಮುಚ್ಚಿಟ್ಟದ್ದು ಹೊರಬಂದರೆ ಲೈಸೆನ್ಸೇ ಹೋಗಬಹುದು.

ಗಂಟೆಗಳ ಲೆಕ್ಕ

ಐಸಿಎಒ, ಅಂದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಖಾಸಗಿ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಹಾರಾಟ ಅಂತ ಇಟ್ಟಿದೆ. ಅನುಮೋದಿತ ಕೋರ್ಸ್‌ನಲ್ಲಿ ಕಲಿತರೆ 35. ಕಮರ್ಷಿಯಲ್ ಲೈಸೆನ್ಸ್‌ಗೆ 200, ಅನುಮೋದಿತ ಕೋರ್ಸ್‌ನಲ್ಲಿ 150. ಯೂನಿವರ್ಸಿಟಿ ಫ್ಲೈಟ್ ಸ್ಕೂಲ್‌ಗಳು ಸಾಮಾನ್ಯವಾಗಿ ಈ ಅನುಮೋದಿತ ಬಗೆಯವು. ದೇಶದಿಂದ ದೇಶಕ್ಕೆ ನಿಯಮ ಸ್ವಲ್ಪ ಬದಲಾಗುತ್ತದೆ, ನಿಮ್ಮ ಲೈಸೆನ್ಸ್ ಕೊಡುವವರ ಪಟ್ಟಿಯನ್ನೇ ನೋಡಿ.

ಇವು ಕನಿಷ್ಠ ಗಂಟೆಗಳು ಅನ್ನುವುದನ್ನು ಮರೆಯಬೇಡಿ. ಹೆಚ್ಚಿನವರಿಗೆ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಆ ಹೆಚ್ಚುವರಿ ಗಂಟೆಗಳು ಎಲ್ಲಿಂದ ಬರುತ್ತವೆ ಅಂತ ಯೋಚಿಸಿ. ತುಂಬ ಸಲ ಅವು ಹಾರಾಟ ಬರದೆ ಸೇರಿದ ಗಂಟೆಗಳಲ್ಲ. ನೆಲದ ಮೇಲೇ ಕಲಿತು ಬರಬಹುದಾಗಿದ್ದನ್ನು ಗಾಳಿಯಲ್ಲಿ ಕಲಿಯಲು ಹೋಗಿ ಸೇರಿದವು. ಕಾಕ್‌ಪಿಟ್‌ನಲ್ಲಿ ಸದ್ದು, ಬಿಸಿಲು, ಅಲುಗಾಟ, ಕಿವಿಯಲ್ಲಿ ರೇಡಿಯೋ. ಅಷ್ಟೆಲ್ಲದರ ನಡುವೆ ಹೊಸ ವಿಷಯ ತಲೆಗೆ ಇಳಿಯುವುದು ಕಷ್ಟ. ಈ ಟಿಪ್ಪಣಿ ಬರೆಯುತ್ತಿರುವುದೇ ಅದಕ್ಕೆ.

ಯೂನಿವರ್ಸಿಟಿಯಲ್ಲಿ ಇನ್ನೊಂದು ತೊಡಕು ಇದೆ. ಸೆಮಿಸ್ಟರ್ ಗಡಿಯಾರದ ಪ್ರಕಾರ ಓಡುತ್ತದೆ, ಹಾರಾಟ ಹವಾಮಾನದ ಪ್ರಕಾರ ಓಡುತ್ತದೆ. ಒಂದು ವಾರ ಮೋಡ ಕವಿದರೆ ಮೂರು ಪಾಠ ಹೋಗುತ್ತವೆ. ಮುಂದಿನ ವಾರ ಗಣಿತದ ಪರೀಕ್ಷೆ. ಅಷ್ಟರಲ್ಲಿ ಕೈಗೆ ಬಂದಿದ್ದ ಹಿಡಿತ ಸಡಿಲವಾಗಿರುತ್ತದೆ. ಹಾಗಾಗಿ ಮೊದಲ ಸೆಮಿಸ್ಟರ್‌ನಲ್ಲಿ ಬೇರೆ ವಿಷಯಗಳ ಹೊರೆ ಕಡಿಮೆ ಇಟ್ಟುಕೊಳ್ಳಿ. ಸಾಧ್ಯವಾದರೆ ಬೆಳಗಿನ ಸ್ಲಾಟ್ ಕೇಳಿ, ಗಾಳಿ ಆಗ ಹೆಚ್ಚಾಗಿ ಶಾಂತವಾಗಿರುತ್ತದೆ. ಇನ್‌ಸ್ಟ್ರಕ್ಟರ್ ನಡುವೆ ಬದಲಾಗಬಹುದು ಅನ್ನುವುದಕ್ಕೂ ತಯಾರಿರಿ. ಎಷ್ಟೋ ಇನ್‌ಸ್ಟ್ರಕ್ಟರ್‌ಗಳು ತಾವೂ ಗಂಟೆ ಕೂಡಿಸುತ್ತಿರುವ ಹಿರಿಯ ವಿದ್ಯಾರ್ಥಿಗಳು. ಪ್ರತಿ ಪಾಠ ಮುಗಿದ ದಿನವೇ ಏನು ಸರಿಹೋಯಿತು, ಎಲ್ಲಿ ತಪ್ಪಿತು ಅಂತ ನಿಮ್ಮದೇ ನೋಟ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದಿಡಿ. ಹೊಸಬರು ಬಂದಾಗ ಆ ಪುಟ ತೋರಿಸಿದರೆ ಒಂದು ಪಾಠ ಉಳಿಯುತ್ತದೆ.

ಕುರ್ಚಿಯಲ್ಲಿ ಕೂತು ಹಾರುವುದು

ತಯಾರಿಯಲ್ಲಿ ಒಂದೇ ಒಂದನ್ನು ಮಾಡುತ್ತೀರಿ ಅಂತಾದರೆ ಇದನ್ನು ಮಾಡಿ. ಪೈಲಟ್‌ಗಳು ಇದಕ್ಕೆ ಚೇರ್ ಫ್ಲೈಯಿಂಗ್ ಅನ್ನುತ್ತಾರೆ. ಗೋಡೆಗೆ ಕಾಕ್‌ಪಿಟ್‌ನ ಒಂದು ದೊಡ್ಡ ಚಿತ್ರ ಅಂಟಿಸಿ, ಎದುರಿಗೆ ಕುರ್ಚಿ ಹಾಕಿ. ಎಡಗೈ ಯೋಕ್ (ವಿಮಾನದ ಸ್ಟೀರಿಂಗ್) ಮೇಲೆ, ಬಲಗೈ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಮೇಲೆ, ಕಾಲಡಿ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ಇದೆ ಅಂದುಕೊಳ್ಳಿ. ಬಾಯಿಬಿಟ್ಟು ಹೇಳುತ್ತಾ ಕೈ ಆಡಿಸಿ. ಸುಮ್ನೆ ಮನಸ್ಸಿನಲ್ಲೇ ಓದಿಕೊಂಡರೆ ಆಗುವುದಿಲ್ಲ.

ರನ್‌ವೇಯಿಂದ ಎದ್ದು ಒಂದು ಸುತ್ತು ಹಾಕಿ ಮತ್ತೆ ಇಳಿಯುವ ಸರ್ಕ್ಯೂಟ್ ತೆಗೆದುಕೊಳ್ಳಿ. ತುಂಬ ಶಾಲೆಗಳಲ್ಲಿ ಇರುವ ಸೆಸ್ನಾ 172ಎಸ್ ಮಾದರಿಯ ಅಂಕಿಗಳನ್ನು ಹೇಳುತ್ತೇನೆ. ನಿಮ್ಮ ವಿಮಾನದ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಸರಿ. ವೇಗವೆಲ್ಲ ನಾಟ್‌ನಲ್ಲಿ, ಅಂದರೆ ಗಂಟೆಗೆ ಇಷ್ಟು ನಾಟಿಕಲ್ ಮೈಲಿ ಅನ್ನುವ ಅಳತೆಯಲ್ಲಿ.

ಥ್ರಾಟಲ್ ನಿಧಾನವಾಗಿ ಪೂರ್ತಿ ಮುಂದಕ್ಕೆ. ವಿಮಾನ ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಿ. ಕುರ್ಚಿಯಲ್ಲಿ ಕೂತಾಗಲೂ ಬಲಗಾಲು ಒತ್ತಲೇಬೇಕು, ಈ ಅಭ್ಯಾಸ ಬಿಡಬೇಡಿ. ಎಂಜಿನ್ ಮೀಟರ್‌ಗಳ ಮೇಲೆ ಒಂದು ಕಣ್ಣು. ವೇಗದ ಮುಳ್ಳು ಅಲುಗಾಡಿತು ಅಂತ ಜೋರಾಗಿ ಹೇಳಿ. 55 ನಾಟ್, ಮೂತಿ ಮೆಲ್ಲಗೆ ಎತ್ತಿ. 74 ನಾಟ್‌ನಲ್ಲಿ ಏರುತ್ತಾ ಹೋಗಿ. ನೆಲದಿಂದ ಸುಮಾರು 1,000 ಅಡಿಯಲ್ಲಿ ಸಮನಾಗಿಸಿ, ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಹಾರಿ. ಇಳಿಯುವ ಜಾಗ ರೆಕ್ಕೆಯ ನೇರಕ್ಕೆ ಬಂತು. ಶಕ್ತಿ ಇಳಿಸಿ. ವೇಗ 110ಕ್ಕಿಂತ ಕಡಿಮೆ ಇದೆಯಾ? ಇದ್ದರೆ ಮಾತ್ರ ಫ್ಲ್ಯಾಪ್, ಅಂದರೆ ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಯುವ ಭಾಗ, 10 ಡಿಗ್ರಿ. ಆ ಜಾಗ ಭುಜದ ಹಿಂದೆ 45 ಡಿಗ್ರಿಗೆ ಸರಿದಾಗ ತಿರುಗಿ. 85ಕ್ಕಿಂತ ಕಡಿಮೆ ಆದ ಮೇಲೆ 20 ಡಿಗ್ರಿ. ಮತ್ತೆ ತಿರುಗಿ ರನ್‌ವೇ ಎದುರಿಗೆ ಬನ್ನಿ, 30 ಡಿಗ್ರಿ, 65 ನಾಟ್ ಹಿಡಿದುಕೊಳ್ಳಿ.

ಮೊದಲ ಸಲ ಮಾಡಿದಾಗ ಫ್ಲ್ಯಾಪ್ ಎಳೆಯುವ ಮುಂಚೆ ವೇಗ ನೋಡುವುದನ್ನು ಮರೆಯುತ್ತೀರಿ. ಹತ್ತನೇ ಸಲಕ್ಕೆ ಕೈ ಲಿವರ್ ಹತ್ತಿರ ಹೋಗುವಾಗಲೇ ಕಣ್ಣು ತಾನಾಗಿಯೇ ವೇಗದ ಕಡೆ ಹೊರಳುತ್ತದೆ. ಆಗ ನಿಜವಾದ ಸರ್ಕ್ಯೂಟ್‌ನಲ್ಲಿ ಹೊರಗೆ ನೋಡಲು, ಬೇರೆ ವಿಮಾನ ಹುಡುಕಲು ನಿಮ್ಮ ಹತ್ತಿರ ಬಿಡುವು ಉಳಿದಿರುತ್ತದೆ.

ಚೆಕ್‌ಲಿಸ್ಟ್ ಯಾಕೆ ಬಂತು

1935ರ ಅಕ್ಟೋಬರ್ 30. ಅಮೆರಿಕದ ಒಹಾಯೊದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಮಾಡೆಲ್ 299 ಅನ್ನುವ ನಾಲ್ಕು ಎಂಜಿನ್‌ನ ಹೊಸ ವಿಮಾನ ಮೇಲೆದ್ದಿತು. ಹಾರಿಸುತ್ತಿದ್ದವರು ಅನುಭವಿ ಪೈಲಟ್ ಮೇಜರ್ ಪ್ಲೋಯರ್ ಹಿಲ್. ನಿಂತ ವಿಮಾನದ ಬಾಲದಲ್ಲಿ ಮೂತಿ ಏರಿಸಿ ಇಳಿಸುವ ಎಲಿವೇಟರ್, ಜೊತೆಗೆ ರಡ್ಡರ್ ಗಾಳಿಗೆ ಬಡಿದಾಡದಂತೆ ಅವನ್ನು ಬಿಗಿದಿಡುವ ಲಾಕ್ ಒಂದಿತ್ತು. ಹೊರಡುವ ಮುಂಚೆ ಅದನ್ನು ಬಿಚ್ಚಿರಲಿಲ್ಲ. ವಿಮಾನದ ಮೂತಿ ಏರುತ್ತಾ ಹೋಯಿತು, ರೆಕ್ಕೆ ಎತ್ತುವ ಬಲ ಕಳೆದುಕೊಂಡು, ಅಂದರೆ ಸ್ಟಾಲ್ ಆಗಿ, ಕೆಳಗೆ ಬಿತ್ತು. ಹಿಲ್ ಸೇರಿ ಇಬ್ಬರು ತೀರಿಕೊಂಡರು. ಆ ವಿಮಾನದಲ್ಲಿ ದೋಷ ಇರಲಿಲ್ಲ, ಪೈಲಟ್‌ನ ಕೌಶಲದಲ್ಲೂ ಕೊರತೆ ಇರಲಿಲ್ಲ. ನೆನಪಿನ ಮೇಲೆ ಅಷ್ಟು ಭಾರ ಹಾಕಬಾರದಿತ್ತು, ಅಷ್ಟೇ. ಆ ಅಪಘಾತದ ನಂತರ ಪೈಲಟ್‌ಗಳಿಗೆ ಲಿಖಿತ ಚೆಕ್‌ಲಿಸ್ಟ್ ಬಂತು. ಅದೇ ಮಾದರಿ ಮುಂದೆ ಬಿ-17 ಅನ್ನುವ ಬಾಂಬರ್ ಆಗಿ ಸಾವಿರಾರು ಸಂಖ್ಯೆಯಲ್ಲಿ ತಯಾರಾಯಿತು.

ನೀವು ಕಲಿಯುವ ಪುಟ್ಟ ವಿಮಾನದ ಪಟ್ಟಿಯಲ್ಲೂ ಟೇಕಾಫ್‌ಗೆ ಮುಂಚೆ ಕಂಟ್ರೋಲ್‌ಗಳು ಸರಾಗವಾಗಿ, ಸರಿಯಾದ ದಿಕ್ಕಿಗೆ ತಿರುಗುತ್ತಿವೆಯಾ ಅಂತ ನೋಡುವ ಸಾಲು ಇರುತ್ತದೆ. ಯೋಕ್ ಎಡಕ್ಕೆ ತಿರುಗಿಸಿದರೆ ಎಡ ರೆಕ್ಕೆಯ ಹಿಂದಂಚಿನ ಐಲರಾನ್ ಅನ್ನುವ ಹಲಗೆ ಮೇಲೇಳಬೇಕು. ಕತ್ತು ಹೊರಳಿಸಿ, ಕಣ್ಣಾರೆ ನೋಡಿ. ಶಾಲೆಯ ಚೆಕ್‌ಲಿಸ್ಟ್ ಪ್ರತಿ ಮುಂಚೆಯೇ ಕೇಳಿ ತೆಗೆದುಕೊಳ್ಳಿ. ಬಾಯಿಪಾಠ ಮಾಡಿದರೂ ಹಾರುವಾಗ ಪಟ್ಟಿ ನೋಡಿಯೇ ಓದಿ. ಎಂಜಿನ್‌ಗೆ ಬೆಂಕಿ ಬಿದ್ದಾಗ, ಎಂಜಿನ್ ನಿಂತಾಗ ಮಾಡಬೇಕಾದ ಮೊದಲ ಕೆಲವು ಹೆಜ್ಜೆಗಳು ಮಾತ್ರ ಕಂಠಪಾಠ ಇರಲೇಬೇಕು, ಆಗ ಓದಲು ಸಮಯ ಇರುವುದಿಲ್ಲ.

ಸ್ಟಾಲ್ ಅಂದರೆ ಎಂಜಿನ್ ನಿಲ್ಲುವುದಲ್ಲ

ಕಾರ್ ಓಡಿಸಿದವರಿಗೆ ಈ ಗೊಂದಲ ಸಹಜ. ಇಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಎದುರಿನಿಂದ ಬರುವ ಗಾಳಿಗೆ ರೆಕ್ಕೆ ಒಂದು ಮಿತಿಗಿಂತ ಜಾಸ್ತಿ ಓರೆಯಾದರೆ, ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತು ಹೋಗುತ್ತದೆ. ಎತ್ತುವ ಬಲ ಒಮ್ಮೆಗೇ ಕುಸಿಯುತ್ತದೆ. ಎಂಜಿನ್ ಪೂರ್ತಿ ಓಡುತ್ತಿದ್ದರೂ ಇದು ಆಗಬಹುದು. ಪರಿಹಾರ ಮೊದಲು ಯೋಕ್ ಮುಂದಕ್ಕೆ ಬಿಡುವುದು, ಆ ಓರೆ ಕಡಿಮೆ ಮಾಡುವುದು.

ವೇಗವನ್ನು ಮಾತ್ರ ನಂಬಿದರೆ ಸಾಲದು ಅನ್ನುವುದಕ್ಕೆ ಒಂದು ಲೆಕ್ಕ. 172ಎಸ್ ಫ್ಲ್ಯಾಪ್ ಇಲ್ಲದೆ, ನೇರವಾಗಿ ಹಾರುವಾಗ 48 ನಾಟ್‌ಗೆ ಸ್ಟಾಲ್ ಆಗುತ್ತದೆ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಯ ಮೇಲೆ ಎರಡು ಪಟ್ಟು ಭಾರ ಬೀಳುತ್ತದೆ. ಸ್ಟಾಲ್ ವೇಗ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು ಏರುತ್ತದೆ. 48 ಈಗ 68 ಆಯಿತು. ಇಳಿಯಲು ಬರುವ 65 ನಾಟ್‌ಗಿಂತ ಅದು ಜಾಸ್ತಿ! ರನ್‌ವೇ ದಾಟಿಹೋಯಿತು ಅಂತ ಕೊನೆಯ ತಿರುವಿನಲ್ಲಿ ಬಿಗಿಯಾಗಿ ಎಳೆಯಬಾರದು ಅಂತ ಇನ್‌ಸ್ಟ್ರಕ್ಟರ್ ಯಾಕೆ ಗದರುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

ರೇಡಿಯೋ

ರೇಡಿಯೋದಲ್ಲಿ A, B, C ಅಕ್ಷರಗಳ ಬದಲು ಹೇಳುವ ಪದಗಳನ್ನು, ಆಲ್ಫಾ, ಬ್ರಾವೊ, ಚಾರ್ಲಿಯಿಂದ ಝೂಲುವರೆಗೆ, ಈಗಲೇ ಕಲಿತುಬಿಡಿ. ದಾರಿಯಲ್ಲಿ ಕಾಣುವ ವಾಹನಗಳ ನಂಬರ್ ಪ್ಲೇಟ್ ಓದುತ್ತಾ ಹೋದರೆ ವಾರದಲ್ಲಿ ಬರುತ್ತದೆ. 9 ಅನ್ನು ನೈನರ್ ಅನ್ನಬೇಕು. ಟವರ್, ಅಂದರೆ ಏರ್‌ಪೋರ್ಟ್‌ನ ನಿಯಂತ್ರಣ ಕೇಂದ್ರ, ಕೊಟ್ಟ ಅನುಮತಿಯನ್ನು ತಿರುಗಿ ಹೇಳಬೇಕು, ಬರೀ ಸರಿ ಅಂದರೆ ಸಾಲದು.

ಪದಗಳ ಬಗ್ಗೆ ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಕೇಳಿದರೆ ಸ್ಪೇನ್‌ನ ಟೆನೆರಿಫ್ ದ್ವೀಪದ ಅಪಘಾತ ನೆನಪಿಸಿಕೊಳ್ಳಿ. 1977ರ ಮಾರ್ಚ್ 27ರಂದು ಅಲ್ಲಿನ ರನ್‌ವೇ ಮೇಲೆ ಮಂಜಿನಲ್ಲಿ ಎರಡು ಬೋಯಿಂಗ್ 747 ಡಿಕ್ಕಿಯಾಗಿ 583 ಜನ ಸತ್ತರು. ಹಾರಲು ಅನುಮತಿ ಸಿಕ್ಕಿತೋ ಇಲ್ಲವೋ ಅನ್ನುವ ಮಾತಿನ ಗೊಂದಲ ಅದರ ಒಂದು ದೊಡ್ಡ ಕಾರಣ. ಈಗ ಟೇಕಾಫ್ ಅನ್ನುವ ಪದವನ್ನು ಆ ಅನುಮತಿ ಕೊಡುವಾಗ, ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ. ಬೇರೆಲ್ಲ ಕಡೆ ಡಿಪಾರ್ಚರ್.

ಅಡ್ಡಗಾಳಿ, ಕ್ಯಾಲ್ಕುಲೇಟರ್ ಇಲ್ಲದೆ

ರನ್‌ವೇ 27 ಅಂದರೆ ಅದರ ದಿಕ್ಕು ಸುಮಾರು 270 ಡಿಗ್ರಿ. ಟವರ್ ಗಾಳಿ 240 ಡಿಗ್ರಿಯಿಂದ, 16 ನಾಟ್ ಅಂತ ಹೇಳಿತು. ವ್ಯತ್ಯಾಸ 30 ಡಿಗ್ರಿ. ಗಡಿಯಾರದ ಮುಖ ನೆನಪಿಸಿಕೊಳ್ಳಿ: 15 ನಿಮಿಷ ಕಾಲು, 30 ಅರ್ಧ, 45 ಮುಕ್ಕಾಲು, 60 ಪೂರ್ತಿ. ವ್ಯತ್ಯಾಸ 30 ಆದ್ದರಿಂದ ಗಾಳಿಯ ಅರ್ಧ, ಅಂದರೆ 8 ನಾಟ್ ಎಡಬದಿಯಿಂದ ಅಡ್ಡ ಹೊಡೆಯುತ್ತದೆ. ಅಂದಾಜು ಲೆಕ್ಕವಾದರೂ ಕಾಕ್‌ಪಿಟ್‌ಗೆ ಧಾರಾಳವಾಗಿ ಸಾಕು.

ಒಂದು ಎಚ್ಚರ: ಟವರ್ ಬಾಯಲ್ಲಿ ಹೇಳುವ ಗಾಳಿ ದಿಕ್ಸೂಚಿಯ ಉತ್ತರದಿಂದ ಅಳೆದದ್ದು. ಮೆಟಾರ್ ಅನ್ನುವ ಏರ್‌ಪೋರ್ಟ್ ಹವಾಮಾನ ವರದಿಯಲ್ಲಿ ಬರೆದಿರುವುದು ಭೂಪಟದ ನಿಜ ಉತ್ತರದಿಂದ. ರನ್‌ವೇ ನಂಬರ್ ದಿಕ್ಸೂಚಿಯದ್ದು. ಎರಡು ಉತ್ತರಗಳ ನಡುವಿನ ಅಂತರ ಕೆಲವು ಊರುಗಳಲ್ಲಿ ಒಂದೆರಡು ಡಿಗ್ರಿ, ಕೆಲವು ಕಡೆ ಹದಿನೈದಕ್ಕೂ ಜಾಸ್ತಿ. ನಿಮ್ಮ ಏರ್‌ಪೋರ್ಟ್‌ನದ್ದು ಎಷ್ಟು ಅಂತ ಚಾರ್ಟ್‌ನಲ್ಲಿ ನೋಡಿಟ್ಟುಕೊಳ್ಳಿ.

ಅಭ್ಯಾಸಕ್ಕೆ ಇದನ್ನು ಬಿಡಿಸಿ: ರನ್‌ವೇ 09. ಟವರ್ ಹೇಳಿದ ಗಾಳಿ 135 ಡಿಗ್ರಿಯಿಂದ 20 ನಾಟ್. 172ಎಸ್ ಕೈಪಿಡಿಯಲ್ಲಿ ಪರೀಕ್ಷಿಸಿ ತೋರಿಸಿರುವ ಅಡ್ಡಗಾಳಿ 15 ನಾಟ್. ಅಡ್ಡಗಾಳಿ ಎಷ್ಟು, ಯಾವ ಬದಿಯಿಂದ, ಮೊದಲ ಸಲ ಒಬ್ಬರೇ ಹಾರುವ ಸೋಲೋಗೆ ಹೊರಟ ನೀವು ಆ ದಿನ ಹಾರುತ್ತೀರಾ ಅಂತ ಕಾರಣ ಸಮೇತ ನೋಟ್‌ಬುಕ್‌ನಲ್ಲಿ ಬರೆಯಿರಿ.